ಕಂಟೇನರ್ ಒಳಗಾ, ಹೊರಗಾ? ಪ್ರೋಗ್ರಾಮ್ ತಿಳಿದುಕೊಳ್ಳುವ ದಾರಿಗಳಲ್ಲಿ ಯಾವುದನ್ನು ಆರಿಸಬೇಕು

ಒಂದು ಸೋಮವಾರ ನಮ್ಮ ಟೀಮ್‌ನ ಸರ್ವರ್‌ಗಳನ್ನು ಉಬುಂಟು 20.04ರಿಂದ 22.04ಕ್ಕೆ ಏರಿಸಿದೆವು. ಸಂಜೆ ಹೊತ್ತಿಗೆ ಒಂದು ಕಂಟೇನರ್ (ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಫೈಲ್‌ಗಳ ಜೊತೆ ಬೇರೆಯಾಗಿಟ್ಟು ಓಡಿಸುವ ಆವರಣ) ಎದ್ದ ತಕ್ಷಣ ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಕಂಟೇನರ್ ಹುಟ್ಟುವ ಫೈಲ್ ಕಟ್ಟು, ಅಂದರೆ ಇಮೇಜ್ ಅದೇ, ಕೋಡ್ ಅದೇ. ಬದಲಾಗಿದ್ದು ಹೊರಗಿನ ಮಷೀನ್ ಮಾತ್ರ. ಲಾಗ್‌ನಲ್ಲಿ ಉಳಿದಿದ್ದು ಒಂದೇ ದೂರು: ‘ರೀಡ್-ಓನ್ಲಿ ಫೈಲ್ ಸಿಸ್ಟಮ್’.

ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ಸ್ಟಾರ್ಟಪ್ ಸ್ಕ್ರಿಪ್ಟ್‌ನ ಒಂದು ಸಾಲು. /ಪ್ರಾಕ್/1/ಸಿಗ್ರೂಪ್ ಫೈಲ್‌ನಲ್ಲಿ ‘ಡಾಕರ್’ (ಕಂಟೇನರ್ ಓಡಿಸುವ ಟೂಲ್‌ನ ಹೆಸರು) ಅನ್ನುವ ಪದ ಇದೆಯಾ ಅಂತ ಗ್ರೆಪ್ ಮಾಡುವ, ಅಂದರೆ ಹುಡುಕುವ ಸಾಲು ಅದು. ಪದ ಸಿಕ್ಕರೆ ಕಂಟೇನರ್ ಒಳಗಿದ್ದೇವೆ, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸೆಟ್ಟಿಂಗ್ ಮುಟ್ಟಬೇಡ. ಸಿಗದಿದ್ದರೆ ನೇರ ಮಷೀನ್ ಮೇಲಿದ್ದೇವೆ, ಆ ಸೆಟ್ಟಿಂಗ್ ಬದಲಾಯಿಸುವ ಸಿಸ್‌ಕಂಟ್ರೋಲ್ ಓಡಿಸು. ಹಳೆಯ ಉಬುಂಟುವಿನಲ್ಲಿ ಆ ಫೈಲ್ ಒಳಗೆ ‘/ಡಾಕರ್/’ ಮತ್ತು ಅದರ ಮುಂದೆ 64 ಅಕ್ಷರದ ಐಡಿ ಇರುವ ಸಾಲುಗಳು ಹತ್ತು ಹನ್ನೆರಡು ಇರುತ್ತಿದ್ದವು. ಹೊಸದರಲ್ಲಿ ಇದ್ದದ್ದು ಇಷ್ಟೇ:

0::/

ಪದ ಸಿಗಲಿಲ್ಲ. ಸ್ಕ್ರಿಪ್ಟ್ ತಾನು ಹೊರಗಿದ್ದೇನೆ ಅಂದುಕೊಂಡಿತು. ಕಂಟೇನರ್ ಒಳಗೆ ಬರೆಯಲು ಬಿಡದ /ಪ್ರಾಕ್/ಸಿಸ್ (ಕರ್ನಲ್ ಸೆಟ್ಟಿಂಗ್‌ಗಳಿರುವ ಫೋಲ್ಡರ್) ಮೇಲೆ ಬರೆಯಲು ಹೋಗಿ ಬಿತ್ತು.

ಆ ದಿನದಿಂದ ಈ ವಿಷಯವನ್ನು ನಾನು ಗಂಭೀರವಾಗಿ ನೋಡುತ್ತೇನೆ. ಕಂಟೇನರ್ ಪತ್ತೆ ಹಚ್ಚಲು ಏಳೆಂಟು ದಾರಿಗಳಿವೆ. ಒಂದೊಂದೂ ಯಾವುದೋ ಸಂದರ್ಭದಲ್ಲಿ ಸರಿ, ಇನ್ಯಾವುದೋ ಸಂದರ್ಭದಲ್ಲಿ ಸುಳ್ಳು ಹೇಳುತ್ತದೆ. ನಿಮ್ಮ ಕೆಲಸಕ್ಕೆ ಯಾವುದು ಹೊಂದುತ್ತದೆ ಅಂತ ಆರಿಸಲು ಈ ಬರಹ. ಮಾತು ಲಿನಕ್ಸ್‌ಗೆ ಸೀಮಿತ. ಫೈಲ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ.

ನೇರ ಉತ್ತರ ಯಾಕೆ ಸಿಗುವುದಿಲ್ಲ

ಲಿನಕ್ಸ್ ಕರ್ನಲ್‌ಗೆ ‘ಕಂಟೇನರ್’ ಅನ್ನುವ ವಸ್ತುವೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನೇಮ್‌ಸ್ಪೇಸ್ ಮತ್ತು ಸಿಗ್ರೂಪ್. ಯಾವ ಪ್ರೊಸೆಸ್ ಏನೇನು ನೋಡಬಹುದು ಅಂತ ನೇಮ್‌ಸ್ಪೇಸ್ ಹೇಳುತ್ತದೆ. ಎಷ್ಟು ಮೆಮೊರಿ, ಎಷ್ಟು ಸಿಪಿಯು ಬಳಸಬಹುದು ಅಂತ ಸಿಗ್ರೂಪ್ ಹೇಳುತ್ತದೆ. ಡಾಕರ್, ಪಾಡ್‌ಮನ್, ಕಂಟೇನರ್‌ಡಿ, ಎಲ್‌ಎಕ್ಸ್‌ಸಿ, ಕಂಟೇನರ್ ಓಡಿಸುವ ಈ ಟೂಲ್‌ಗಳೆಲ್ಲವೂ ಇವನ್ನೇ ಬೇರೆ ಬೇರೆ ಅಳತೆಯಲ್ಲಿ ಬೆರೆಸಿ, ಆ ಮಿಶ್ರಣಕ್ಕೆ ಕಂಟೇನರ್ ಅಂತ ಹೆಸರಿಟ್ಟಿವೆ.

ಹಳೆಯ ವಠಾರವನ್ನು ನೆನೆಸಿಕೊಳ್ಳಿ. ಸೂರು ಒಂದೇ, ಬಾವಿ ಒಂದೇ. ಪ್ರತಿ ಮನೆಗೂ ತನ್ನದೇ ಬಾಗಿಲು. ಕೆಲವರು ಮಧ್ಯದ ಗೋಡೆಗೆ ಕಿಟಕಿ ಇಟ್ಟುಕೊಂಡಿರುತ್ತಾರೆ, ಕೆಲವರು ಹಿತ್ತಲನ್ನು ಹಂಚಿಕೊಂಡಿರುತ್ತಾರೆ. ಒಳಗೆ ಕೂತು ‘ಇದು ವಠಾರವಾ, ಸ್ವತಂತ್ರ ಮನೆಯಾ?’ ಅಂತ ಕೇಳಿದರೆ ಯಾವ ಗೋಡೆ ನೋಡುತ್ತೀರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಕಂಟೇನರ್‌ನಲ್ಲೂ ಹಾಗೇ. ಹೋಸ್ಟ್‌ನ (ಹೊರಗಿನ ಮಷೀನ್‌ನ) ನೆಟ್‌ವರ್ಕ್ ಹಂಚಿಕೊಂಡ ಕಂಟೇನರ್ ಇದೆ, ಹೋಸ್ಟ್‌ನ ಪಿಐಡಿಗಳನ್ನು (ಪ್ರೊಸೆಸ್ ಸಂಖ್ಯೆಗಳನ್ನು) ಹಂಚಿಕೊಂಡದ್ದಿದೆ, ಮಿತಿಯೇ ಇಲ್ಲದ್ದೂ ಇದೆ. ವರ್ಚುವಲ್ ಮಷೀನ್‌ನ ಕಥೆ ಬೇರೆ. ಅಲ್ಲಿ ಸಿಪಿಯುವನ್ನೇ ಕೇಳಬಹುದು, ಹೈಪರ್‌ವೈಸರ್ (ವರ್ಚುವಲ್ ಮಷೀನ್ ನಡೆಸುವ ಸಾಫ್ಟ್‌ವೇರ್) ಇದ್ದರೆ ಸಾಮಾನ್ಯವಾಗಿ ಒಂದು ಬಿಟ್ ಮೂಲಕ ಹೇಳುತ್ತದೆ. ಕಂಟೇನರ್‌ಗೆ ಅಂಥ ಬಿಟ್ ಇಲ್ಲ.

ಮೊದಲು ನಿಮಗೆ ನಿಜಕ್ಕೂ ಏನು ಬೇಕು ಅಂತ ಕೇಳಿಕೊಳ್ಳಿ

ನಾನು ನೋಡಿದ ಹೆಚ್ಚಿನ ಕೋಡ್‌ನಲ್ಲಿ ಕಂಟೇನರ್ ಪತ್ತೆ ಬೇಕಾಗಿಯೇ ಇರಲಿಲ್ಲ. ಬೇಕಾಗಿದ್ದು ಬೇರೆ ಪ್ರಶ್ನೆಯ ಉತ್ತರ. ‘ಕಂಟೇನರ್ ಒಳಗಿದ್ದರೆ ಹೀಗಿರುತ್ತದೆ’ ಅಂತ ಊಹಿಸಿ ಅಡ್ಡದಾರಿ ಹಿಡಿದಿದ್ದರು. ನಮ್ಮ ಸ್ಕ್ರಿಪ್ಟ್‌ಗೂ ಬೇಕಿದ್ದದ್ದು ‘/ಪ್ರಾಕ್/ಸಿಸ್ ಮೇಲೆ ನಾನು ಬರೆಯಬಹುದಾ?’ ಅನ್ನುವುದು. ಅದನ್ನೇ ಕೇಳಬಹುದಿತ್ತು ಅಲ್ವಾ?

ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯ ತಂಡ ಇದನ್ನು ಚೆನ್ನಾಗಿ ಮಾಡಿದೆ. ಸಾಧನಗಳನ್ನು ನೋಡಿಕೊಳ್ಳುವ ಯೂಡೆವ್ ಸೇವೆ ಕಂಟೇನರ್ ಒಳಗೆ ಓಡಬಾರದು. ಆದರೆ ಅದರ ಯೂನಿಟ್ ಫೈಲ್ (ಸೇವೆಯನ್ನು ಹೇಗೆ ಎಬ್ಬಿಸಬೇಕು ಅಂತ ಹೇಳುವ ಫೈಲ್) ಕಂಟೇನರ್ ಇದೆಯಾ ಅಂತ ಕೇಳುವುದಿಲ್ಲ. /ಸಿಸ್ ಮೇಲೆ ಬರೆಯಲು ಆಗುತ್ತದಾ ಅಂತ ಮಾತ್ರ ಕೇಳುತ್ತದೆ. ಆಗದಿದ್ದರೆ ಸೇವೆ ಏಳುವುದೇ ಇಲ್ಲ. ನಾಳೆ ಹೊಸ ಕಂಟೇನರ್ ತಂತ್ರ ಬಂದರೂ ಆ ಪ್ರಶ್ನೆ ಹಳತಾಗುವುದಿಲ್ಲ.

ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಕೊಡುವುದು ಮೆಮೊರಿ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

64 ಜಿಬಿ ಮಷೀನ್ ಮೇಲೆ 2 ಜಿಬಿ ಮಿತಿಯ ಕಂಟೇನರ್. ಒಳಗೆ ಹಳೆಯ ಜಾವಾ. ಹೀಪ್ (ಪ್ರೋಗ್ರಾಮ್ ತನ್ನ ಡೇಟಾ ಇಡುವ ಮೆಮೊರಿ) ಗಾತ್ರ ನೀವು ಹೇಳದಿದ್ದರೆ ಜಾವಾ ವರ್ಚುವಲ್ ಮಷೀನ್ ಕಣ್ಣಿಗೆ ಕಂಡ ಮೆಮೊರಿಯ ನಾಲ್ಕನೇ ಒಂದು ಭಾಗವನ್ನು ಗರಿಷ್ಠ ಹೀಪ್ ಅಂತ ಇಟ್ಟುಕೊಳ್ಳುತ್ತದೆ. ಹಳೆಯ ಜಾವಾ ಕಣ್ಣಿಗೆ ಕಾಣುವುದು ಇಡೀ 64 ಜಿಬಿ. ಹಾಗಾಗಿ 16 ಜಿಬಿವರೆಗೆ ಬೆಳೆಯಬಹುದು ಅಂತ ಲೆಕ್ಕ ಹಾಕುತ್ತದೆ. 2 ಜಿಬಿ ದಾಟುವ ಹೊತ್ತಿಗೆ ಕರ್ನಲ್ ಅದನ್ನು ಕೊಲ್ಲುತ್ತದೆ. ನಿಮಗೆ ಕಾಣುವುದು 137 ಅನ್ನುವ ಎಕ್ಸಿಟ್ ಕೋಡ್ ಮಾತ್ರ, 128ಕ್ಕೆ ಕೊಲ್ಲುವ ಸಿಗ್ನಲ್‌ನ ಸಂಖ್ಯೆ 9 ಕೂಡಿಸಿದ್ದು. ಜಾವಾದ ಕಡೆಯಿಂದ ಒಂದು ಎರರ್ ಕೂಡ ಬರುವುದಿಲ್ಲ.

ಜಾವಾ 10ರಲ್ಲಿ, ಅಂದರೆ 2018ರಲ್ಲಿ, ಇದಕ್ಕೆ ಪರಿಹಾರ ಬಂತು. ಜಾವಾ 8ಕ್ಕೂ 8ಯು191 ಆವೃತ್ತಿಯಲ್ಲಿ ಅದನ್ನು ತಂದರು. ಆದರೆ ಆ ಪರಿಹಾರಕ್ಕೆ ಓದಲು ಬರುತ್ತಿದ್ದದ್ದು ಸಿಗ್ರೂಪ್‌ನ ಮೊದಲ ಆವೃತ್ತಿ ಮಾತ್ರ. ಎರಡನೇ ಆವೃತ್ತಿಯನ್ನು ಓದಲು ಜಾವಾ 15 ಬರಬೇಕಾಯಿತು. ಹಳೆಯ ಜಾವಾ 11 ಮತ್ತು 8ರಲ್ಲಿ 11.0.16 ಮತ್ತು 8ಯು372ರ ತನಕ ಕಾಯಬೇಕಾಯಿತು. ಅಂದರೆ ಹೋಸ್ಟ್ ಎರಡನೇ ಆವೃತ್ತಿ ಬಳಸುವ ಹೊಸ ಉಬುಂಟುಗೆ ಏರಿತು, ಒಳಗಿನ ಜಾವಾ ಮಾತ್ರ ಹಳೆಯ 11 ಅಂತಾದರೆ, ಎಂದೋ ಮುಗಿದ ಸಮಸ್ಯೆ ಸದ್ದಿಲ್ಲದೆ ವಾಪಸ್ ಬರುತ್ತದೆ. ನೀವು ಈಗ ಇಂಥ ಬದಲಾವಣೆ ಮಾಡುವವರಿದ್ದರೆ ದಯವಿಟ್ಟು ಮೊದಲು ಜಾವಾ ಆವೃತ್ತಿ ನೋಡಿಕೊಳ್ಳಿ.

ಸಿಪಿಯು ಲೆಕ್ಕವೂ ಇದೇ ಜಾಡಿನದು. ಗೋ ಭಾಷೆ ಬಹಳ ವರ್ಷ ಹೋಸ್ಟ್‌ನ ಎಲ್ಲ ಕೋರ್‌ಗಳನ್ನೂ ಎಣಿಸುತ್ತಿತ್ತು. 2025ರ ಆಗಸ್ಟ್‌ನಲ್ಲಿ ಬಂದ ಗೋ 1.25ರಿಂದ ಅದು ತಾನಾಗಿಯೇ ಸಿಗ್ರೂಪ್ ಮಿತಿ ನೋಡುತ್ತದೆ. ಅದಕ್ಕೆ ಮೊದಲು ಊಬರ್‌ನವರ ಆಟೋಮ್ಯಾಕ್ಸ್‌ಪ್ರಾಕ್ಸ್ ಲೈಬ್ರರಿ ಹಾಕಿಕೊಳ್ಳುವುದು ವಾಡಿಕೆಯಾಗಿತ್ತು.

ಈ ಎರಡು ಭಾಷೆಗಳೂ ಇಲ್ಲಿ ಓದುವುದು ಮಿತಿಯನ್ನು. ನಾನು ಕಂಟೇನರ್ ಒಳಗಿದ್ದೇನಾ ಅನ್ನುವ ಹೌದು-ಅಲ್ಲದಿಂದ ಮೆಮೊರಿ ಲೆಕ್ಕ ಸಿಗುವುದಿಲ್ಲ. ನಿಮ್ಮ ಕೋಡ್ ಕೂಡ ಮಿತಿಯನ್ನೇ ಓದಲಿ. ಎರಡನೇ ಆವೃತ್ತಿಯ ಸಿಗ್ರೂಪ್‌ನಲ್ಲಿ, ಕಂಟೇನರ್ ಒಳಗಿಂದ ನೋಡಿದರೆ, /ಸಿಸ್/ಎಫ್ಎಸ್/ಸಿಗ್ರೂಪ್/ಮೆಮೊರಿ.ಮ್ಯಾಕ್ಸ್ ಫೈಲ್‌ನಲ್ಲಿ ಬೈಟ್ ಲೆಕ್ಕ ಇರುತ್ತದೆ. ಮಿತಿ ಇಲ್ಲದಿದ್ದರೆ ಸುಮ್ನೆ ‘ಮ್ಯಾಕ್ಸ್’ ಅಂತ ಇರುತ್ತದೆ. ಪಕ್ಕದ ಸಿಪಿಯು.ಮ್ಯಾಕ್ಸ್‌ನಲ್ಲಿ ‘200000 100000’ ಅಂತ ಕಂಡರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 2 ಸಿಪಿಯು. ಮೊದಲ ಆವೃತ್ತಿಯಲ್ಲಿ ಫೈಲ್ ಹೆಸರೇ ಬೇರೆ, ಮತ್ತು ಮಿತಿ ಇಲ್ಲ ಅನ್ನುವುದಕ್ಕೆ 9223372036854771712 ಅನ್ನುವ ದೊಡ್ಡ ಸಂಖ್ಯೆ ಕಾಣುತ್ತದೆ. ಅದನ್ನು ನಿಜವಾದ ಮೆಮೊರಿ ಅಂತ ನಂಬಿ ಲೆಕ್ಕ ಹಾಕಿದ ಕೋಡ್ ಕೂಡ ನೋಡಿದ್ದೇನೆ.

ಇನ್ನೊಂದು ಮಾತು. ಕಂಟೇನರ್ ಇಲ್ಲದೆಯೂ ಮಿತಿ ಇರಬಹುದು. ಸಿಸ್ಟಮ್‌ಡಿ ಸೇವೆಗೆ ಮೆಮೊರಿ ಮಿತಿ ಹಾಕಿದರೆ ನೇರ ಮಷೀನ್ ಮೇಲೂ ಅದೇ ಕರ್ನಲ್, ಅದೇ ರೀತಿ ಕೊಲ್ಲುತ್ತದೆ. ‘ಕಂಟೇನರ್ ಇದ್ದರೆ ಮಾತ್ರ ಮಿತಿ ಓದು’ ಅಂತ ಬರೆದ ಕೋಡ್ ಅಲ್ಲಿ ಸೋಲುತ್ತದೆ.

ಸಿಗ್ನಲ್ ವಿಷಯದಲ್ಲೂ ಇದೇ ಬುದ್ಧಿ ಬೇಕು. ಪಿಐಡಿ 1 ಆಗಿರುವ, ಅಂದರೆ ಮೊದಲ ಪ್ರೊಸೆಸ್ ತಾನೇ ಹ್ಯಾಂಡ್ಲರ್ ಇಟ್ಟುಕೊಳ್ಳದಿದ್ದರೆ ಸಿಗ್‌ಟರ್ಮ್ (‘ನಿಲ್ಲು’ ಅನ್ನುವ ಸಿಗ್ನಲ್) ಅದಕ್ಕೆ ತಾಗುವುದೇ ಇಲ್ಲ. ಡಾಕರ್ ಸ್ಟಾಪ್ ಕೊಟ್ಟರೆ 10 ಸೆಕೆಂಡ್ ಸುಮ್ಮನೆ ನಿಂತು ಆಮೇಲೆ ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್ ಬರುವುದನ್ನು ಎಲ್ಲರೂ ನೋಡಿರುತ್ತೀರಿ. ಇಲ್ಲಿ ಕೇಳಬೇಕಾದ್ದು ‘ನನ್ನ ಪಿಐಡಿ 1 ಆ?’ ಅಂತ. ಕಂಟೇನರ್‌ನಲ್ಲಿ ಇನಿಟ್ ಆಯ್ಕೆ ಹಾಕಿದ್ದರೆ ಟಿನಿ ಅನ್ನುವ ಪುಟ್ಟ ಪ್ರೋಗ್ರಾಮ್ 1 ಆಗಿರುತ್ತದೆ, ನಿಮ್ಮದು ಬೇರೆ ಸಂಖ್ಯೆ. ಕಂಟೇನರ್ ಹೌದು, ಪಿಐಡಿ 1 ಅಲ್ಲ.

ಹಾಗಾದರೆ ಹೌದು-ಅಲ್ಲ ಉತ್ತರ ನಿಜಕ್ಕೂ ಯಾರಿಗೆ ಬೇಕು? ಬಗ್ ರಿಪೋರ್ಟ್‌ನಲ್ಲಿ ಪರಿಸರದ ವಿವರ ಸೇರಿಸುವವರಿಗೆ ಬೇಕು. ನೂರಾರು ಮಷೀನ್‌ಗಳ ಪಟ್ಟಿ ಇಡುವವರಿಗೆ ಬೇಕು. ಮಾನಿಟರಿಂಗ್ ಏಜೆಂಟ್ ಬರೆಯುವವರಿಗೆ, ಒಂದೇ ಇನ್‌ಸ್ಟಾಲ್ ಸ್ಕ್ರಿಪ್ಟ್ ಎಲ್ಲೆಡೆ ಓಡಬೇಕು ಅನ್ನುವವರಿಗೆ ಬೇಕು. ಮುಂದಿನ ಹೋಲಿಕೆ ಅವರಿಗಾಗಿ.

ಗುರುತಿನ ಫೈಲ್: ಸುಲಭ, ಆದರೆ ಅರ್ಧ ಸತ್ಯ

ಎಲ್ಲರಿಗೂ ಮೊದಲು ನೆನಪಾಗುವುದು ರೂಟ್ ಫೋಲ್ಡರ್‌ನಲ್ಲಿ ಕೂತಿರುವ /.ಡಾಕರ್‌ಎನ್ವ್. ಖಾಲಿ ಫೈಲ್. ಒಂದು ಕಾಲಕ್ಕೆ ಡಾಕರ್ ಎಲ್‌ಎಕ್ಸ್‌ಸಿ ಮೇಲೆ ಕೂತು ಓಡುತ್ತಿದ್ದಾಗ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಒಳಗೆ ಸಾಗಿಸಲು ಇದ್ದ ಫೈಲ್ ಇದು. ಆ ಕೆಲಸ ಹೋಯಿತು, ಫೈಲ್ ಉಳಿಯಿತು. ಇದನ್ನು ನೋಡುವ ಕೋಡ್ ಲೋಕದಲ್ಲಿ ಲೆಕ್ಕವಿಲ್ಲದಷ್ಟಿದೆ. ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರ ಎನ್‌ಪಿಎಂನ ಈಸ್-ಡಾಕರ್ ಪ್ಯಾಕೇಜ್ ಕೂಡ ಮೊದಲು ನೋಡುವುದು ಇದನ್ನೇ.

ಪಾಡ್‌ಮನ್ ಇಡುವುದು /ರನ್/.ಕಂಟೇನರ್‌ಎನ್ವ್. ಜೊತೆಗೆ ‘ಕಂಟೇನರ್’ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ‘ಪಾಡ್‌ಮನ್’ ಅಂತ ಬೆಲೆ ಕೊಡುತ್ತದೆ. ಫ್ಲಾಟ್‌ಪ್ಯಾಕ್ ಆ್ಯಪ್ ಒಳಗೆ /.ಫ್ಲಾಟ್‌ಪ್ಯಾಕ್-ಇನ್ಫೋ ಇರುತ್ತದೆ.

ಈ ದಾರಿಯ ಲಾಭ ಸ್ಪಷ್ಟ. ರೂಟ್ ಅನುಮತಿ ಬೇಡ, ಯಾವ ಟೂಲ್ ಬೇಡ, ಯಾವ ಭಾಷೆಯಲ್ಲಾದರೂ ಒಂದು ಸಾಲು. ಸಿಗ್ರೂಪ್ ಆವೃತ್ತಿ ಬದಲಾದರೂ ಇದು ಕೆಡುವುದಿಲ್ಲ.

ತೊಂದರೆ ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು, ಕಂಟೇನರ್ ಇದ್ದೂ ಫೈಲ್ ಇಲ್ಲದಿರುವುದು. ಹಲವು ಮಷೀನ್‌ಗಳ ಗುಂಪಿನ (ಕ್ಲಸ್ಟರ್) ಮೇಲೆ ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟೀಸ್ 2022ರ ಮೇ ತಿಂಗಳಲ್ಲಿ 1.24 ಆವೃತ್ತಿಯೊಂದಿಗೆ ತನ್ನನ್ನು ಡಾಕರ್‌ಗೆ ಜೋಡಿಸುತ್ತಿದ್ದ ಡಾಕರ್‌ಶಿಮ್ ಕೈಬಿಟ್ಟಿತು. ಅಲ್ಲಿಂದ ಈಚೆಗೆ ಹೆಚ್ಚಿನ ಕ್ಲಸ್ಟರ್‌ಗಳಲ್ಲಿ ಓಡುವುದು ಕಂಟೇನರ್‌ಡಿ ಅಥವಾ ಕ್ರೈ-ಓ. ಅವು /.ಡಾಕರ್‌ಎನ್ವ್ ಇಡುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಪಾಸ್, ಕ್ಲಸ್ಟರ್‌ಗೆ ಹೋದ ಕೂಡಲೇ ಉತ್ತರ ತಲೆಕೆಳಗು. ಎರಡನೆಯದು, ಕಂಟೇನರ್ ಇಲ್ಲದೆ ಫೈಲ್ ಉಳಿದುಕೊಂಡಿರುವುದು. ಡಾಕರ್ ಎಕ್ಸ್‌ಪೋರ್ಟ್ ಮಾಡಿದ ಫೈಲ್‌ಸಿಸ್ಟಮ್ ಒಳಗೆ ಈ ಖಾಲಿ ಫೈಲ್ ಕೂಡ ಹೋಗುತ್ತದೆ. ಅದನ್ನು ಬಿಚ್ಚಿ ವರ್ಚುವಲ್ ಮಷೀನ್ ಇಮೇಜ್ ಮಾಡಿದವರು, ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ಗೆ ಇಂಪೋರ್ಟ್ ಮಾಡಿದವರು ಇದ್ದಾರೆ. ಅಲ್ಲೆಲ್ಲ ಡಾಕರ್ ಹೋದರೂ ಗುರುತು ಉಳಿದಿರುತ್ತದೆ.

ಡಾಕರ್ ಮತ್ತು ಪಾಡ್‌ಮನ್ ಇಷ್ಟೇ ನಿಮ್ಮ ಲೋಕವಾದರೆ ಈ ಎರಡು ಫೈಲ್ ನೋಡಿದರೆ ಸಾಕು. ಕುಬರ್ನೆಟೀಸ್ ಇದ್ದರೆ ಸಾಲದು.

ಸಿಗ್ರೂಪ್ ಫೈಲ್‌ನಲ್ಲಿ ಪದ ಹುಡುಕುವುದು: ಹೊಸ ಕೋಡ್‌ನಲ್ಲಿ ಬೇಡ

ನಮ್ಮನ್ನು ಬೀಳಿಸಿದ ದಾರಿ ಇದು. ಯಾಕೆ ಕೆಟ್ಟಿತು ಅಂತ ಹೇಳಿಬಿಡುತ್ತೇನೆ. ಲಿನಕ್ಸ್ 4.6ರಲ್ಲಿ, 2016ರಲ್ಲಿ, ಸಿಗ್ರೂಪ್‌ಗೂ ನೇಮ್‌ಸ್ಪೇಸ್ ಬಂತು. ಅಂದರೆ ಒಳಗಿನ ಪ್ರೊಸೆಸ್‌ಗೆ ತನ್ನ ಸಿಗ್ರೂಪ್ ಮರದ ಬುಡವೇ ‘/’ ಅಂತ ಕಾಣಬಹುದು, ಹೊರಗಿನ ಉದ್ದದ ದಾರಿ ಕಾಣುವುದಿಲ್ಲ. ಡಾಕರ್ 20.10, 2020ರ ಡಿಸೆಂಬರ್‌ನಲ್ಲಿ, ಎರಡನೇ ಆವೃತ್ತಿಯ ಸಿಗ್ರೂಪ್‌ಗೆ ಬೆಂಬಲ ಕೊಟ್ಟಿತು. ಅಲ್ಲಿ ಖಾಸಗಿ ಸಿಗ್ರೂಪ್ ನೇಮ್‌ಸ್ಪೇಸ್ ತಾನಾಗಿಯೇ ಬರುತ್ತದೆ. ಫೆಡೋರಾ 31 ಎರಡನೇ ಆವೃತ್ತಿಗೆ 2019ರಲ್ಲೇ ಹೋಯಿತು, ಡೆಬಿಯನ್ 11 ಮತ್ತು ಉಬುಂಟು 21.10 2021ರಲ್ಲಿ ಹೋದವು. ಹಾಗಾಗಿ ಇವತ್ತಿನ ಹೆಚ್ಚಿನ ಮಷೀನ್‌ಗಳಲ್ಲಿ ಒಳಗಿಂದ ಕಾಣುವುದು ಆ ಬೋಳು ‘0::/’ ಮಾತ್ರ.

ಕೆಲವರು ಈ ಬೋಳು ಸಾಲನ್ನೇ ಗುರುತಾಗಿ ಬಳಸುತ್ತಾರೆ. ಹೊರಗೆ ಪಿಐಡಿ 1ಕ್ಕೆ ‘0::/ಇನಿಟ್.ಸ್ಕೋಪ್’ ಅಂತ ಇರುತ್ತದೆ, ಒಳಗೆ ‘0::/’ ಇದ್ದರೆ ಕಂಟೇನರ್ ಅನ್ನುವ ತರ್ಕ. ಆದರೆ ಇನಿಟ್.ಸ್ಕೋಪ್ ಇಡುವುದು ಸಿಸ್ಟಮ್‌ಡಿ. ಅದು ಇಲ್ಲದ ಆಲ್ಪೈನ್ ಮಷೀನ್‌ನಲ್ಲಿ ಈ ತರ್ಕ ನಿಲ್ಲುವುದಿಲ್ಲ. ಹಳೆಯ ಕೋಡ್‌ನಲ್ಲಿ ಈ ಗ್ರೆಪ್ ಕಂಡರೆ ತೆಗೆದುಹಾಕಿ.

ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್: ಇದ್ದರೆ ಇದನ್ನೇ ನಂಬಿ

ಬೇರೆಯವರು ಹತ್ತಾರು ವರ್ಷ ಬಿದ್ದು ಎದ್ದು ಕಲಿತದ್ದೆಲ್ಲ ಈ ಒಂದು ಕಮಾಂಡ್‌ನಲ್ಲಿದೆ. ‘--ಕಂಟೇನರ್’ ಅಂತ ಕೊಟ್ಟು ಓಡಿಸಿದರೆ ಡಾಕರ್, ಪಾಡ್‌ಮನ್, ಎಲ್‌ಎಕ್ಸ್‌ಸಿ, ಸಿಸ್ಟಮ್‌ಡಿ-ಎನ್‌ಸ್ಪಾನ್, ಓಪನ್‌ವಿಝಡ್ ಹೀಗೆ ಹೆಸರು ಹೇಳುತ್ತದೆ. ಏನೂ ಸಿಗದಿದ್ದರೆ ‘ನನ್’. ಸಿಕ್ಕರೆ ಎಕ್ಸಿಟ್ ಕೋಡ್ ಸೊನ್ನೆ, ಇಲ್ಲದಿದ್ದರೆ ಬೇರೆ. ಸ್ಕ್ರಿಪ್ಟ್‌ನಲ್ಲಿ ‘ಇಫ್’ ಮುಂದೆ ನೇರವಾಗಿ ಇಡಬಹುದು. ಯೂನಿಟ್ ಫೈಲ್ ಬರೆಯುವವರಿಗೆ ಇನ್ನೂ ಸುಲಭ, ‘ಕಂಡಿಷನ್‌ವರ್ಚುವಲೈಸೇಷನ್’ ಅನ್ನುವ ಸಾಲಿನಲ್ಲಿ ‘!ಕಂಟೇನರ್’ ಅಂತ ಹಾಕಿದರೆ ಆ ಸೇವೆ ಕಂಟೇನರ್ ಒಳಗೆ ಏಳುವುದಿಲ್ಲ. ಗಡಿಯಾರ ಸರಿಪಡಿಸುವ ಟೈಮ್‌ಸಿಂಕ್‌ಡಿ ಇದನ್ನೇ ಬಳಸುತ್ತದೆ. ಗಡಿಯಾರ ಕರ್ನಲ್‌ನದು, ಒಳಗಿನವರು ತಿರುಗಿಸುವಂತಿಲ್ಲ.

ಇದರ ಒಳಗೆ ಮಾಯ ಏನೂ ಇಲ್ಲ. ಕಂಟೇನರ್ ನಡೆಸುವವರು ಪಿಐಡಿ 1ಕ್ಕೆ ‘ಕಂಟೇನರ್’ ಅನ್ನುವ ವೇರಿಯಬಲ್ ಕೊಡಬೇಕು ಅನ್ನುವ ಒಪ್ಪಂದ ಒಂದಿದೆ. ಅದನ್ನು ನೋಡುತ್ತದೆ. ಪಿಐಡಿ 1ರ ಎನ್ವಿರಾನ್‌ಮೆಂಟ್ ಓದಲು ಸಾಮಾನ್ಯ ಬಳಕೆದಾರರಿಗೆ ಅನುಮತಿ ಇರುವುದಿಲ್ಲ. ಹಾಗಾಗಿ ಒಳಗೆ ಸಿಸ್ಟಮ್‌ಡಿ ಓಡುತ್ತಿದ್ದರೆ ಅದೇ ಮಾಹಿತಿಯನ್ನು /ರನ್/ಸಿಸ್ಟಮ್‌ಡಿ/ಕಂಟೇನರ್ ಫೈಲ್‌ನಲ್ಲಿ ಬರೆದಿಡುತ್ತದೆ. ಆಮೇಲೆ ನಾವು ಮೇಲೆ ನೋಡಿದ ಗುರುತಿನ ಫೈಲ್‌ಗಳನ್ನೂ ನೋಡುತ್ತದೆ. ಕಂಟೇನರ್ ಹೌದು, ಯಾರದ್ದು ಗೊತ್ತಾಗಲಿಲ್ಲ ಅಂದರೆ ‘ಕಂಟೇನರ್-ಅದರ್’ ಅನ್ನುತ್ತದೆ.

ಎರಡು ವಿಷಯ ನೆನಪಿರಲಿ. ಇದು ಹೇಳುವುದು ಒಳಗಿನ ಪದರ ಮಾತ್ರ. ಕ್ಲೌಡ್‌ನ ವರ್ಚುವಲ್ ಮಷೀನ್ ಒಳಗೆ ಡಾಕರ್ ಇದ್ದರೆ ಉತ್ತರ ‘ಡಾಕರ್’ ಅಂತಷ್ಟೇ. ಮತ್ತೆ, ಡಬ್ಲ್ಯುಎಸ್‌ಎಲ್ ಕೂಡ ಇದರ ಲೆಕ್ಕದಲ್ಲಿ ಕಂಟೇನರ್.

ದೊಡ್ಡ ಕೊರತೆ ಬೇರೆಯೇ ಇದೆ. ಸಣ್ಣ ಇಮೇಜ್‌ಗಳ ಒಳಗೆ ಈ ಕಮಾಂಡೇ ಇರುವುದಿಲ್ಲ. ಆಲ್ಪೈನ್‌ನಲ್ಲಿ ಸಿಸ್ಟಮ್‌ಡಿ ಇಲ್ಲ, ಡೆಬಿಯನ್‌ನ ಡಾಕರ್ ಇಮೇಜ್‌ನಲ್ಲೂ ಇಲ್ಲ. ಅತಿ ಜಾಸ್ತಿ ಬೇಕಾದ ಜಾಗದಲ್ಲೇ ಸಿಗದ ಟೂಲ್ ಇದು. ‘ಕಮಾಂಡ್ ಸಿಗಲಿಲ್ಲ’ ಅನ್ನುವ ಸೋಲನ್ನು ‘ಕಂಟೇನರ್ ಅಲ್ಲ’ ಅಂತ ಓದುವ ಸ್ಕ್ರಿಪ್ಟ್‌ಗಳು ಬೇಕಾದಷ್ಟಿವೆ. ಎಕ್ಸಿಟ್ ಕೋಡ್ ಎರಡೂ ಕಡೆ ಸೊನ್ನೆಯಲ್ಲ, ಅದಕ್ಕೇ ಈ ತಪ್ಪು. ಮೊದಲು ಕಮಾಂಡ್ ಇದೆಯಾ ಅಂತ ಬೇರೆಯಾಗಿ ನೋಡಿ.

ವರ್ಟ್-ವಾಟ್ ಅನ್ನುವ ಇನ್ನೊಂದು ಶೆಲ್ ಸ್ಕ್ರಿಪ್ಟ್ ಇದೆ. ರೂಟ್ ಆಗಿ ಓಡಿಸಬೇಕು. ಹೊರಗಿನ, ಒಳಗಿನ ಪದರಗಳನ್ನು ಬೇರೆ ಬೇರೆ ಸಾಲಿನಲ್ಲಿ ಹೇಳಬಲ್ಲದು. ಮಷೀನ್ ಪಟ್ಟಿ ಮಾಡುವವರಿಗೆ ಹಿತ. ಪ್ರೋಗ್ರಾಮ್ ಒಳಗೆ ಸೇರಿಸಲು ತಕ್ಕದ್ದಲ್ಲ.

ಕರ್ನಲ್ ಬಾಯಿಂದಲೇ ಕೇಳುವುದು

ನನಗೆ ಬಹಳ ಇಷ್ಟವಾದ ದಾರಿ ಇದು. /ಪ್ರಾಕ್/ಸೆಲ್ಫ್/ಎನ್ಎಸ್/ಪಿಐಡಿ ಒಂದು ಲಿಂಕ್. ರೀಡ್‌ಲಿಂಕ್ ಮಾಡಿದರೆ ನಿಮ್ಮ ಪಿಐಡಿ ನೇಮ್‌ಸ್ಪೇಸ್‌ನ ಸಂಖ್ಯೆ ಕೊಡುತ್ತದೆ. ಮಷೀನ್ ಬೂಟ್ ಆದಾಗ ಹುಟ್ಟುವ ಮೊದಲ ಪಿಐಡಿ ನೇಮ್‌ಸ್ಪೇಸ್‌ಗೆ ಕರ್ನಲ್ ಕೋಡ್‌ನಲ್ಲೇ ಒಂದು ಸಂಖ್ಯೆ ನಿಗದಿಯಾಗಿದೆ: 4026531836. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನೋಡಿ, ನನ್ನದರಲ್ಲಿ ನೋಡಿ, ಅದೇ ಸಂಖ್ಯೆ. ಕಂಟೇನರ್ ಒಳಗೆ ನೋಡಿದರೆ ಬೇರೆ. ಯೂಸರ್ ನೇಮ್‌ಸ್ಪೇಸ್‌ಗೆ 4026531837, ಹೋಸ್ಟ್‌ನೇಮ್ ನೋಡಿಕೊಳ್ಳುವ ಯುಟಿಎಸ್‌ಗೆ 4026531838, ಸಿಗ್ರೂಪ್‌ಗೆ 4026531835.

ಇದರ ಅಣ್ಣನಂಥ ಇನ್ನೊಂದು ಉಪಾಯ, /ಪ್ರಾಕ್/2/ಕಾಮ್ ಓದುವುದು. ನೇರ ಮಷೀನ್‌ನಲ್ಲಿ ಪಿಐಡಿ 2 ಯಾವಾಗಲೂ ಕೆಥ್ರೆಡ್‌ಡಿ, ಕರ್ನಲ್‌ನ ಎಲ್ಲ ಥ್ರೆಡ್‌ಗಳ ತಾಯಿ. ಕಂಟೇನರ್‌ನ ಪಿಐಡಿ ನೇಮ್‌ಸ್ಪೇಸ್ ಒಳಗೆ ಅವಳು ಕಾಣುವುದಿಲ್ಲ.

ಯಾರೂ ಫೈಲ್ ಇಡಬೇಕಿಲ್ಲ, ಯಾರ ಒಪ್ಪಂದವೂ ಬೇಕಿಲ್ಲ. ಡಾಕರ್ ಆಗಲಿ, ಕಂಟೇನರ್‌ಡಿ ಆಗಲಿ, ನಾಳೆ ಬರುವ ಇನ್ನೊಂದಾಗಲಿ, ಪಿಐಡಿ ನೇಮ್‌ಸ್ಪೇಸ್ ಬೇರೆ ಮಾಡಿದ್ದರೆ ಇದು ಹಿಡಿಯುತ್ತದೆ. ಆದರೆ ಹಿಡಿಯುವುದು ಅಷ್ಟನ್ನೇ. ಹೋಸ್ಟ್‌ನ ಪಿಐಡಿಗಳನ್ನು ಹಂಚಿಕೊಂಡ ಕಂಟೇನರ್‌ನಲ್ಲಿ ಮೂಲ ಸಂಖ್ಯೆಯೇ ಕಾಣುತ್ತದೆ, ಮಾನಿಟರಿಂಗ್ ಏಜೆಂಟ್‌ಗಳನ್ನು ಎಷ್ಟೋ ಸಲ ಹೀಗೇ ಓಡಿಸುತ್ತಾರೆ. ಅದೇ ಬ್ರೌಸರ್‌ನ ಸ್ಯಾಂಡ್‌ಬಾಕ್ಸ್ ಪ್ರೊಸೆಸ್ ಕಂಟೇನರ್ ಅಲ್ಲದಿದ್ದರೂ ಬೇರೆ ಸಂಖ್ಯೆ ತೋರಿಸುತ್ತದೆ. ಒಂದರ ಬದಲು ಪಿಐಡಿ, ಯುಟಿಎಸ್, ಸಿಗ್ರೂಪ್ ಮೂರನ್ನೂ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಯಾವ ಗೋಡೆ ಇದೆ, ಯಾವ ಗೋಡೆ ಇಲ್ಲ ಅಂತ ಒಂದೊಂದಾಗಿ ಗೊತ್ತಾಗುತ್ತದೆ. ಏಜೆಂಟ್ ಬರೆಯುವವರಿಗೆ ನನ್ನ ಸಲಹೆ ಇದೇ.

ಕಂಟೇನರ್ ಐಡಿ ಬೇಕಾದಾಗ

ಲಾಗ್‌ನಲ್ಲಿ ಐಡಿ ಸೇರಿಸಲು ಮೊದಲು ಸಿಗ್ರೂಪ್ ಫೈಲ್ ಓದುತ್ತಿದ್ದರು. ಈಗ ಅಲ್ಲಿ ಇಲ್ಲ. ಡಾಕರ್ ಆದರೆ /ಪ್ರಾಕ್/ಸೆಲ್ಫ್/ಮೌಂಟ್‌ಇನ್ಫೋ ನೋಡಿ. /ಇಟಿಸಿ/ಹೋಸ್ಟ್‌ನೇಮ್, /ಇಟಿಸಿ/ಹೋಸ್ಟ್ಸ್, /ಇಟಿಸಿ/ರಿಸಾಲ್ವ್.ಕಾನ್ಫ್ ಈ ಮೂರನ್ನೂ ಡಾಕರ್ ಹೊರಗಿನಿಂದ ತಂದು ಜೋಡಿಸಿರುತ್ತದೆ, ಆ ಸಾಲುಗಳಲ್ಲಿ ಮೂಲದ ದಾರಿ ಕಾಣುತ್ತದೆ. ‘ಕಂಟೇನರ್ಸ್/’ ಆದ ಮೇಲೆ ಬರುವ 64 ಅಕ್ಷರವೇ ಐಡಿ. ಇಡೀ ದಾರಿಯನ್ನು ಹೋಲಿಸಬೇಡಿ. ಡಾಕರ್‌ನ ಫೋಲ್ಡರ್‌ಗೆ ಬೇರೆ ಡಿಸ್ಕ್ ಕೊಟ್ಟಿದ್ದರೆ ದಾರಿಯ ಮೊದಲ ಭಾಗ ಬದಲಾಗುತ್ತದೆ. ಹೋಸ್ಟ್‌ನೇಮ್ ಕೂಡ ಸಾಮಾನ್ಯವಾಗಿ ಐಡಿಯ ಮೊದಲ 12 ಅಕ್ಷರ, ಆದರೆ ಯಾರು ಬೇಕಾದರೂ ಬದಲಾಯಿಸಬಹುದು.

ಕೆಲವರು ರೂಟ್ ಫೈಲ್‌ಸಿಸ್ಟಮ್ ಓವರ್‌ಲೇ (ಒಂದರ ಮೇಲೊಂದು ಪದರ ಜೋಡಿಸಿದ್ದು) ಆಗಿದ್ದರೆ ಕಂಟೇನರ್ ಅನ್ನುತ್ತಾರೆ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿದ ಲಿನಕ್ಸ್‌ಗಳಲ್ಲೂ ಓವರ್‌ಲೇ ಇರುತ್ತದೆ. ಬೇಡ.

ಕುಬರ್ನೆಟೀಸ್‌ಗೆ ಬೇರೆ ಲೆಕ್ಕ

ಇಲ್ಲಿ ಉತ್ತರ ಸುಲಭ. ಪಾಡ್ (ಒಟ್ಟಿಗೆ ಓಡುವ ಕಂಟೇನರ್‌ಗಳ ಗುಂಪು) ಒಳಗಿನ ಕಂಟೇನರ್‌ಗಳಿಗೆ ‘ಕುಬರ್ನೆಟೀಸ್_ಸರ್ವಿಸ್_ಹೋಸ್ಟ್’ ಅನ್ನುವ ವೇರಿಯಬಲ್ ಸಿಗುತ್ತದೆ. ಕುಬರ್ನೆಟೀಸ್‌ನ ಸ್ವಂತ ಗೋ ಲೈಬ್ರರಿ ಕೂಡ ತಾನು ಕ್ಲಸ್ಟರ್ ಒಳಗಿದ್ದೇನಾ ಅಂತ ತಿಳಿಯಲು ಇದನ್ನೇ ನೋಡುತ್ತದೆ, ಜೊತೆಗೆ ಪಾಡ್‌ನ ಗುರುತಿನ ಚೀಟಿಯಂಥ ಸರ್ವಿಸ್ ಅಕೌಂಟ್ ಟೋಕನ್ ಓದುತ್ತದೆ. ಟೋಕನ್ ಫೈಲ್ ಒಂದನ್ನೇ ನಂಬಬೇಡಿ, ಭದ್ರತೆಗಾಗಿ ಅದನ್ನು ಜೋಡಿಸದಂತೆ ಮಾಡಿರುವ ಕಡೆಗಳು ತುಂಬ. ಪಾಡ್ ಹೆಸರು ಬೇಕಾದರೆ ಡೌನ್‌ವರ್ಡ್ ಎಪಿಐ (ಪಾಡ್‌ನ ವಿವರವನ್ನು ಒಳಗೆ ಕೊಡುವ ಸೌಲಭ್ಯ) ಮೂಲಕ ವೇರಿಯಬಲ್ ಆಗಿ ತರಿಸಿಕೊಳ್ಳಿ. ಅಮೆಜಾನ್‌ನ ಕಂಟೇನರ್ ಸೇವೆ ಇಸಿಎಸ್‌ನಲ್ಲೂ ಹೀಗೇ ಮೆಟಾಡೇಟಾ ವಿಳಾಸದ ವೇರಿಯಬಲ್ ಇದೆ.

ಇಮೇಜ್ ನಿಮ್ಮದೇ ಆಗಿದ್ದರೆ ನೀವೇ ಹೇಳಿಬಿಡಿ

ಇಮೇಜ್ ಕಟ್ಟುವವರು ನೀವೇ. ಅದು ಕಂಟೇನರ್‌ನಲ್ಲಿ ಓಡುತ್ತದೆ ಅಂತ ನಿಮಗೆ ಗೊತ್ತು. ಆಮೇಲೆ ಒಳಗಿನ ಪ್ರೋಗ್ರಾಮ್ ಯಾಕೆ ಕತ್ತಲಲ್ಲಿ ತಡಕಾಡಬೇಕು? ಇಮೇಜ್ ಕಟ್ಟುವ ಡಾಕರ್‌ಫೈಲ್‌ನಲ್ಲಿ ವೇರಿಯಬಲ್ ಇಡುವ ಒಂದು ಎನ್ವ್ ಸಾಲು ಹಾಕಿ. ಮೈಕ್ರೋಸಾಫ್ಟ್ ತನ್ನ ಡಾಟ್‌ನೆಟ್ ಇಮೇಜ್‌ಗಳಲ್ಲಿ ಇದನ್ನೇ ಮಾಡಿದೆ. ‘ಡಾಟ್‌ನೆಟ್_ರನ್ನಿಂಗ್_ಇನ್_ಕಂಟೇನರ್’ ಅನ್ನುವ ವೇರಿಯಬಲ್ ‘ಟ್ರೂ’ ಆಗಿರುತ್ತದೆ, ಅಷ್ಟೇ. ಕರ್ನಲ್ ಬದಲಾಗಲಿ, ಸಿಗ್ರೂಪ್ ಬದಲಾಗಲಿ, ಡಾಕರ್ ಹೋಗಿ ಇನ್ನೊಂದು ಬರಲಿ, ಈ ಸಾಲು ಕೆಡುವುದಿಲ್ಲ. ಟೆಸ್ಟ್ ಬರೆಯುವಾಗ ಬೇಕಾದಂತೆ ತಿರುಗಿಸಬಹುದು. ಸ್ವಂತ ಅಪ್ಲಿಕೇಶನ್ ಬರೆಯುವವರಿಗೆ ಬೇರೆ ಯಾವ ದಾರಿಯನ್ನೂ ನಾನು ಹೇಳುವುದಿಲ್ಲ.

ವೇರಿಯಬಲ್ ಹೆಸರನ್ನು ಉದ್ದೇಶಕ್ಕೆ ಹತ್ತಿರ ಇಟ್ಟರೆ ಇನ್ನೂ ಒಳ್ಳೆಯದು. ಕಂಟೇನರ್ ಒಳಗೆ 127.0.0.1 (ತನ್ನೊಳಗಿನ ವಿಳಾಸ) ಮೇಲೆ ಕೂತ ಸರ್ವರ್ ಹೊರಗಿನವರಿಗೆ ಸಿಗುವುದಿಲ್ಲ, 0.0.0.0 (ಎಲ್ಲ ವಿಳಾಸಗಳೂ) ಬೇಕು. ಆಗ ‘ಕೇಳುವ ವಿಳಾಸ’ ಅಂತಲೇ ವೇರಿಯಬಲ್ ಇಡಿ.

ಭದ್ರತೆಯ ನಿರ್ಧಾರಕ್ಕೆ ಇವುಗಳಲ್ಲಿ ಯಾವುದೂ ಬೇಡ

ಇದನ್ನು ಒತ್ತಿ ಹೇಳಬೇಕು. ಟಚ್ ಕಮಾಂಡ್‌ನಿಂದ /.ಡಾಕರ್‌ಎನ್ವ್ ಹುಟ್ಟಿಸಲು ಒಂದು ಸೆಕೆಂಡ್ ಸಾಕು. ವೇರಿಯಬಲ್ ಅಂತೂ ಯಾರು ಬೇಕಾದರೂ ಕೊಡಬಹುದು. ಆದರೂ ‘ಕಂಟೇನರ್ ಒಳಗಿದ್ದರೆ ಕ್ರೋಮ್‌ನ ಸ್ಯಾಂಡ್‌ಬಾಕ್ಸ್ ತೆಗೆದುಬಿಡು’ ಅನ್ನುವ ಕೋಡ್ ಪಿಡಿಎಫ್ ಮಾಡುವ ಸೇವೆಗಳಲ್ಲಿ ಎಷ್ಟೋ ಸಲ ಕಣ್ಣಿಗೆ ಬಿದ್ದಿದೆ. ಹೊರಗಿನ ಜನ ಕೊಟ್ಟ ವೆಬ್ ಪುಟವನ್ನು ತೆರೆಯುವ ಬ್ರೌಸರ್ ಅದು! ಒಂದು ಖಾಲಿ ಫೈಲ್ ನೋಡಿ ಅದರ ಕಾವಲು ತೆಗೆಯುವುದು ಸರಿಯಲ್ಲ. ಸ್ಯಾಂಡ್‌ಬಾಕ್ಸ್ ತೆಗೆಯಲೇಬೇಕಾದರೆ ಅದನ್ನು ನಡೆಸುವ ವ್ಯಕ್ತಿ ಕಾನ್ಫಿಗ್‌ನಲ್ಲಿ ಕೈಯಾರೆ ಬರೆಯಲಿ. ಆಗ ಯಾರು ಬರೆದರು, ಯಾವಾಗ ಬರೆದರು ಅಂತ ಗಿಟ್‌ನಲ್ಲಾದರೂ ಉಳಿಯುತ್ತದೆ.

ಈಗ ನಮ್ಮ ಸ್ಕ್ರಿಪ್ಟ್ ಹೇಗಿದೆ

ಸಿಸ್‌ಕಂಟ್ರೋಲ್ ಭಾಗದಲ್ಲಿ ಕಂಟೇನರ್ ಅನ್ನುವ ಮಾತೇ ಇಲ್ಲ. ಬೇಕಾದ ಫೈಲ್ ಮೇಲೆ ಬರೆದು ನೋಡುತ್ತದೆ, ಆಗದಿದ್ದರೆ ಒಂದು ಸಾಲು ಲಾಗ್ ಮಾಡಿ ಮುಂದೆ ಹೋಗುತ್ತದೆ. ಜಾವಾ ಹೀಪ್‌ಗೆ ಮೆಮೊರಿ.ಮ್ಯಾಕ್ಸ್ ಓದುತ್ತದೆ.

ಹೌದು-ಅಲ್ಲ ಉತ್ತರ ಒಂದೇ ಕಡೆ ಉಳಿದಿದೆ, ಬಗ್ ರಿಪೋರ್ಟ್‌ಗೆ ವಿವರ ಸೇರಿಸುವ ಭಾಗದಲ್ಲಿ. ಮೊದಲು ನಮ್ಮದೇ ವೇರಿಯಬಲ್, ಆಮೇಲೆ ಕುಬರ್ನೆಟೀಸ್‌ನದು. ಎರಡೂ ಇಲ್ಲದಿದ್ದರೆ, ಕಮಾಂಡ್ ಇದ್ದರೆ ಸಿಸ್ಟಮ್‌ಡಿ-ಡಿಟೆಕ್ಟ್-ವರ್ಟ್. ಅದೂ ಇಲ್ಲದಿದ್ದರೆ ಎರಡು ಗುರುತಿನ ಫೈಲ್, ಕೊನೆಗೆ ಪಿಐಡಿ ನೇಮ್‌ಸ್ಪೇಸ್ ಸಂಖ್ಯೆ. ಉತ್ತರದ ಜೊತೆ ಯಾವ ದಾರಿಯಿಂದ ಗೊತ್ತಾಯಿತು ಅನ್ನುವುದನ್ನೂ ಬರೆಯುತ್ತದೆ. ಕೊನೆಯ ಸಂಖ್ಯೆಯೂ ಮೂಲದ್ದೇ ಆಗಿದ್ದರೆ ‘ಅಲ್ಲ’ ಅಂತ ಬರೆಯುವುದಿಲ್ಲ. ‘ತಿಳಿಯಲಿಲ್ಲ’ ಅಂತ ಬರೆಯುತ್ತದೆ.